ಗುಬ್ಬಿ ಕಾರು ಮತ್ತು ನನ್ನ ನಲವತ್ತೊಂದು ತಪ್ಪುಗಳು

ನನ್ನ ಗಂಡನಿಗೆ ನಮ್ಮ ಮದುವೆಯ ತಾರೀಖು ನೆನಪಿರುವುದಿಲ್ಲ. ಆದರೆ ಗುಬ್ಬಿ ಕಾರಿನ ಕಂಪನಿಯನ್ನು ಯಾರು, ಯಾರಿಗೆ, ಯಾವ ವರ್ಷದ ಯಾವ ತಿಂಗಳಲ್ಲಿ ಮಾರಿದರು ಎಂಬುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಡವರಿಸದೆ ಹೇಳುತ್ತಾರೆ. (ಎಬ್ಬಿಸುವ ಅಗತ್ಯವೂ ಇಲ್ಲ. ಒಮ್ಮೊಮ್ಮೆ ನಿದ್ದೆಯಲ್ಲೇ ಹೇಳುತ್ತಿರುತ್ತಾರೆ.)

ಗುಬ್ಬಿಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬೇಕು. ದುಂಡನೆಯ ಎರಡು ದೀಪ, ಉಬ್ಬಿದ ಕೆನ್ನೆ, ಮೂತಿಯ ಮೇಲೆ ರೆಕ್ಕೆ ಬಿಚ್ಚಿದ ಲೋಹದ ಗುಬ್ಬಚ್ಚಿ. ಇದರಲ್ಲಿ ನಾಲ್ಕು ಜನ ಆರಾಮವಾಗಿ ಕೂರಬಹುದು ಎನ್ನುವುದು ಕಂಪನಿಯ ಮಾತು. ಇಬ್ಬರು ಕೂತು ಜಾಗ ಸಿಗದ ಇನ್ನಿಬ್ಬರ ಬಗ್ಗೆ ಆರಾಮವಾಗಿ ಮಾತಾಡಬಹುದು ಎನ್ನುವುದು ನಮ್ಮ ಅತ್ತೆಯ ಮಾತು. ನಮ್ಮ ಗುಬ್ಬಿ ಮಾವನವರು ಕೊಂಡದ್ದು. ಅವರು ತೀರಿಕೊಂಡ ಮೇಲೆ ಕಾರಿನ ಕೀಲಿ ಇವರ ಜೇಬಿಗೆ ಬಂತು, ಕಾರು ನನ್ನ ಪಾಲಿಗೆ ಬಂತು.

ಇವರು ನೀರು ಸರಬರಾಜು ಕಚೇರಿಯಲ್ಲಿ ಪೈಪುಗಳ ನಕ್ಷೆ ಬರೆಯುತ್ತಾರೆ. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ. ಅಂಗಿಯ ಅಳತೆ ಕೊಡಲು ಬಂದ ತಂದೆತಾಯಿಗಳು ಕಾರಿನ ಶೆಡ್ಡಿನ ಮುಂದಿನಿಂದಲೇ ಹಾದು ಬರಬೇಕು. ಅಲ್ಲಿ ಇವರು ಹೊಂಚು ಹಾಕಿ ನಿಂತಿರುತ್ತಾರೆ.

"ನೋಡಿ, ಮೊದಲು ಇಬ್ಬರು ಅಣ್ಣತಮ್ಮಂದಿರು. ಒಂದು ಸೈಕಲ್ ಶೆಡ್ಡು. ಕೈಯಲ್ಲಿ ಏನೂ ಇಲ್ಲ. ಇಬ್ಬರೇ, ಕೇವಲ ಇಬ್ಬರೇ, ಸೇರಿ ಮೊದಲನೇ ಗುಬ್ಬಿ ಕಟ್ಟಿದರು..."

ಅಲ್ಲಿಂದ ಶುರುವಾದ ಪುರಾಣ ಹದಿನೆಂಟು ನಿಮಿಷ ನಡೆಯುತ್ತದೆ. ಅಣ್ಣತಮ್ಮಂದಿರು ಜಗಳವಾಡಿ ಕಂಪನಿಯನ್ನು ಟ್ರ್ಯಾಕ್ಟರ್ ಮಾಡುವವರಿಗೆ ಮಾರಿದರು (ಆ ಕಾಲದ ಗುಬ್ಬಿಗಳು ಉಳುವ ಸದ್ದು ಮಾಡುತ್ತವೆ). ಟ್ರ್ಯಾಕ್ಟರಿನವರು ಫ್ರಿಜ್ ಮಾಡುವವರಿಗೆ ಮಾರಿದರು (ಎಲ್ಲ ಗುಬ್ಬಿಗಳೂ ಬಿಳಿಯಾದವು). ಫ್ರಿಜ್ಜಿನವರು ಕೈಚೆಲ್ಲಿ, ಈಗ ಹಲ್ಲುಪುಡಿಯಿಂದ ವಿಮಾನದವರೆಗೆ ಎಲ್ಲವನ್ನೂ ಮಾಡುವ ದೂರದ ಯಾವುದೋ ಭಾರೀ ಸಂಸ್ಥೆಯ ಮಡಿಲಿಗೆ ಗುಬ್ಬಿ ಬಿದ್ದಿದೆ. ಕಂಪನಿ ಕೈ ಬದಲಾಯಿಸಿದಾಗಲೆಲ್ಲ ಇವರು ಎರಡು ದಿನ ಸರಿಯಾಗಿ ಊಟ ಮಾಡುವುದಿಲ್ಲ.

"ಹೊಸಬರು ಗುಬ್ಬಿಯ ಆತ್ಮ ಉಳಿಸ್ತಾರೋ ಇಲ್ಲವೋ!" ಎಂದು ತಟ್ಟೆಯ ಮುಂದೆ ನಿಟ್ಟುಸಿರು ಬಿಡುತ್ತಾರೆ.

"ನಾನು ಈ ಮನೆಗೆ ಕೈ ಬದಲಾಯಿಸಿ ಬಂದಾಗ ನನ್ನ ಆತ್ಮದ ಬಗ್ಗೆ ಯಾರೂ ಊಟ ಬಿಟ್ಟಿರಲಿಲ್ಲ ಕಣೋ," ಎನ್ನುತ್ತಾರೆ ಅತ್ತೆ. ಆಮೇಲೆ ಇನ್ನೊಂದು ಪ್ರಶ್ನೆ ಹಾಕುತ್ತಾರೆ, ಅದನ್ನು ನಾನು ಇಪ್ಪತ್ತೆರಡು ವರ್ಷದಿಂದ ಕೇಳುತ್ತಿದ್ದೇನೆ. "ಆ ಅಣ್ಣತಮ್ಮಂದಿರು ಶೆಡ್ಡಿನಲ್ಲಿ ಕೂತು ಕಾರು ಕಟ್ಟಿದರಲ್ಲ, ಅವರಿಗೆ ಹೊತ್ತುಹೊತ್ತಿಗೆ ಊಟ ತಂದುಕೊಟ್ಟವರು ಯಾರು?"

"ಅಮ್ಮ, ಅದು ಚರಿತ್ರೆಯಲ್ಲಿ ಬರಲ್ಲ."

"ಅದಕ್ಕೇ ಕೇಳಿದ್ದು."

ಈಗ ನಮ್ಮ ಮನೆಯ ಚರಿತ್ರೆಯಲ್ಲಿ ಬರದ ಸಂಗತಿಗಳನ್ನು ಹೇಳುತ್ತೇನೆ. ಪ್ರತಿ ಭಾನುವಾರ ಗುಬ್ಬಿಯನ್ನು ತೊಳೆಯುವವಳು ನಾನು. ಒಳಛಾವಣಿಯ ಬಟ್ಟೆ ಜೋತುಬಿದ್ದು ಕೂತವರ ತಲೆಗೆ ಮುಸುಕು ಹಾಕತೊಡಗಿದಾಗ ಪರದೆ ಬಟ್ಟೆಯಿಂದ ಹೊಸದು ಹೊಲಿದವಳು ನಾನು. ದಿನಾ ಬೆಳಗ್ಗೆ ಒಂಬತ್ತೂವರೆಗೆ ಅದನ್ನು ಸ್ಟಾರ್ಟ್ ಮಾಡುವವಳೂ ನಾನೇ. ಗುಬ್ಬಿಗೆ ಒಂದು ಕ್ರಮವಿದೆ. ಚೋಕನ್ನು ಎರಡು ಬೆರಳಿನಷ್ಟು ಎಳೆಯಬೇಕು, ಏಳರವರೆಗೆ ಎಣಿಸಬೇಕು, ಮುಂದಿನ ಹಲಗೆಯಲ್ಲಿ ಗಡಿಯಾರದ ಪಕ್ಕಕ್ಕೆ ಅಂಗೈಯಿಂದ ಒಂದು ಏಟು ಕೊಟ್ಟು ಕೀಲಿ ತಿರುಗಿಸಬೇಕು. ಏಳು ಎಂದರೆ ಏಳೇ. ಇವರು ಐದಕ್ಕೇ ತಾಳ್ಮೆ ಕಳೆದುಕೊಳ್ಳುತ್ತಾರೆ. ಹಾಗಾಗಿ ನಾನು ಸ್ಟಾರ್ಟ್ ಮಾಡಿ, ಹತ್ತಡಿ ಹಿಂದಕ್ಕೆ ತಂದು, ಇಳಿದು, ಬಾಗಿಲು ಹಿಡಿದು ನಿಲ್ಲುತ್ತೇನೆ. ಇವರು ಏರಿ ಕಚೇರಿಗೆ ಹೋಗುತ್ತಾರೆ. (ಸಂಜೆ ಹೇಗೆ ಬರುತ್ತಾರೆ ಎಂದು ಕೇಳಬೇಡಿ. ಕಚೇರಿ ಇಳಿಜಾರಿನಲ್ಲಿದೆ, ಉರುಳಿಸಿಕೊಂಡು ಬರುತ್ತಾರೆ.)

ನನ್ನ ಹತ್ತಿರ ಲೈಸೆನ್ಸ್ ಇದೆ. ಬ್ಯಾಂಕಿನಲ್ಲಿ ಗುರುತಿನ ಚೀಟಿಯಾಗಿ ತೋರಿಸುತ್ತೇನೆ. ಗೇಟಿನಾಚೆ ಓಡಿಸುತ್ತೇನೆ ಎಂದರೆ ಇವರು, "ಗುಬ್ಬಿಯ ಗೇರು ಬಹಳ ಸೂಕ್ಷ್ಮ ಕಣೇ," ಎನ್ನುತ್ತಾರೆ. ಹಾಗೆಯೇ, ಕಾರಿನಲ್ಲಿ ನನ್ನ ಸೂಜಿಗೆ ನಿಷೇಧವಿರುವ ಏಕೈಕ ಪ್ರದೇಶ ಡ್ರೈವರ್ ಸೀಟು. ಅದು 'ಅಪ್ಪ ಕೂತ ಸೀಟು'. ಒಳಗಿನ ಸ್ಪಂಜು ಪುಡಿಯಾಗಿದೆ, ಚರ್ಮ ಬಿರಿದಿದೆ, ಒಂದು ಸ್ಪ್ರಿಂಗು ತಲೆ ಹೊರಗೆ ಹಾಕಿ ಲೋಕ ನೋಡುತ್ತಿದೆ. ನಾನು ಅಂಚಿನಲ್ಲಿ ಕೂತು ಹತ್ತಡಿಯ ಕೆಲಸ ಮುಗಿಸುತ್ತೇನೆ. ಇವರು ಮಡಿಚಿದ ದಪ್ಪ ಟವೆಲ್ಲಿನ ಮೇಲೆ ಕೂತು ಪರಂಪರೆಯನ್ನು ಕಾಪಾಡುತ್ತಾರೆ. (ಟವೆಲ್ ಒಗೆಯುವುದು ಯಾರು ಎಂಬುದನ್ನು ನಿಮ್ಮ ಊಹೆಗೆ ಬಿಟ್ಟಿದ್ದೇನೆ.)

ಹೀಗಿರುವಾಗ ಹೊಸ ಮಾಲೀಕರಿಂದ ಒಂದು ದಪ್ಪ ಲಕೋಟೆ ಬಂತು. ಗುಬ್ಬಿಗೆ ಎಪ್ಪತ್ತೈದು ವರ್ಷ ತುಂಬುತ್ತದಂತೆ. 'ಪರಂಪರೆಯ ವಾರಸುದಾರರು' ಎಂಬ ಯೋಜನೆಯಂತೆ. ಅತ್ಯುತ್ತಮವಾಗಿ ಉಳಿದುಬಂದ ಒಂದು ಗುಬ್ಬಿಯನ್ನು ಆರಿಸಿ, ಕಂಪನಿಯ ವಸ್ತುಸಂಗ್ರಹಾಲಯದಲ್ಲಿ ಒಂದು ವರ್ಷ ಮೆರೆಸಿ, ಪಕ್ಕದಲ್ಲಿ ಹಿತ್ತಾಳೆಯ ಫಲಕ ಹಾಕುತ್ತಾರಂತೆ. ಫಲಕದ ಮೇಲೆ 'ನೋಡಿಕೊಂಡವರು' ಎಂದು ಕೆತ್ತಿ ಮುಂದೆ ಹೆಸರು. ಜತೆಗೆ ಒಂದು ಅರ್ಜಿ, ಒಂದು ಬಣ್ಣದ ಕಿರುಪುಸ್ತಕ.

ಇವರು ಸ್ನಾನ ಮಾಡಿ ಬಂದು ಅರ್ಜಿ ತುಂಬಲು ಕೂತರು. ನಾನು ಗುಂಡಿ ಹೊಲಿಯುತ್ತ ಭುಜದ ಮೇಲಿನಿಂದ ಇಣುಕಿದೆ. ಏಳನೇ ಪ್ರಶ್ನೆ: ಕಾರನ್ನು ನೋಡಿಕೊಳ್ಳುವವರು. ಇವರು ತಮ್ಮ ಹೆಸರನ್ನು ನಕ್ಷೆಯ ಅಕ್ಷರಗಳಲ್ಲಿ ದುಂಡಗೆ ಬರೆದರು. ಎಂಟನೇ ಪ್ರಶ್ನೆ: ಸಹಾಯಕರು, ಇದ್ದರೆ. ಒಂದು ಕ್ಷಣ ಯೋಚಿಸಿ ಬರೆದರು: 'ಮನೆಯವರು'.

ಸೂಜಿ ನನ್ನ ಬೆರಳಿಗೆ ಚುಚ್ಚಿತು.

"ರೀ, ನೋಡಿಕೊಳ್ಳುವವರು ನೀವಾ?"

"ಮತ್ತೆ? ಗುಬ್ಬಿಯ ಬಗ್ಗೆ ಈ ಊರಲ್ಲಿ ನನಗಿಂತ ತಿಳಿದವರು ಯಾರಿದ್ದಾರೆ?"

"ತಿಳಿಯೋದು ಬೇರೆ, ತೊಳೆಯೋದು ಬೇರೆ. ಅಲ್ಲಿ ನನ್ನ ಹೆಸರು ಬರೀರಿ."

"ಬರೆದಿದೀನಲ್ಲ, ಎಂಟನೇದರಲ್ಲಿ."

"ಅದು ನನ್ನ ಹೆಸರಲ್ಲ. ಗೋಡೆ, ಕಿಟಕಿ, ಗ್ಯಾಸ್ ಒಲೆ, ಎಲ್ಲ ಸೇರಿದರೂ ಮನೆಯವರೇ."

"ಇಷ್ಟು ಚಿಕ್ಕ ವಿಷಯಕ್ಕೆ..."

"ಚಿಕ್ಕದಾದರೆ ನೀವೇ ಎಂಟನೇದಕ್ಕೆ ಹೋಗಿ."

ಅರ್ಜಿ ಹಾಗೆಯೇ ಅಂಚೆಗೆ ಹೋಯಿತು. ನಾನು ಅಂದಿನಿಂದಲೇ ಅಸಹಕಾರ ಘೋಷಿಸಿದೆ. ಗುಬ್ಬಿಯನ್ನು ಮುಟ್ಟುವುದಿಲ್ಲ, ತೊಳೆಯುವುದಿಲ್ಲ, ಸ್ಟಾರ್ಟ್ ಮಾಡುವುದಿಲ್ಲ. ಮಾರನೆಯ ದಿನ ಇವರು ಶೆಡ್ಡಿನಲ್ಲಿ ಐದರವರೆಗೆ ಎಣಿಸುವುದು ಹನ್ನೊಂದು ಸಲ ಕೇಳಿಸಿತು. ಹನ್ನೆರಡನೆಯ ಸಲಕ್ಕೆ ಬಸ್ಸು ಹಿಡಿದರು. ಮೂರನೆಯ ವಾರದ ಹೊತ್ತಿಗೆ ಗುಬ್ಬಿಯ ಗಾಜಿನ ಮೇಲೆ ಬೆರಳಲ್ಲಿ ಅಳತೆ ಬರೆದುಕೊಳ್ಳುವಷ್ಟು ಧೂಳು ಕೂತಿತ್ತು. ಒಬ್ಬ ತಾಯಿ ಬರೆದೂ ಹೋದಳು.

ಇತ್ತ ಕಿರುಪುಸ್ತಕ ನನ್ನ ಹೊಲಿಗೆ ಯಂತ್ರದ ಮೇಲೆ ಬಿದ್ದಿತ್ತು. ಅದರಲ್ಲಿ ಆ ಪ್ರಸಿದ್ಧ ಫೋಟೊ: ಶೆಡ್ಡು, ಮೊದಲ ಗುಬ್ಬಿ, ಎದೆಯ ಮೇಲೆ ಕೈಕಟ್ಟಿ ನಿಂತ ಅಣ್ಣತಮ್ಮಂದಿರು. ದಾರ ಪೋಣಿಸುತ್ತ ನೋಡಿದವಳು ದಾರ ಬಿಟ್ಟೆ. ಫೋಟೊದ ಬಲ ಅಂಚಿನಲ್ಲಿ ಒಂದು ಮೊಣಕೈ ಇತ್ತು. ಉಳಿದ ಭಾಗವೆಲ್ಲ ಕತ್ತರಿಸಿ ಹೋಗಿತ್ತು. ಮೊಣಕೈ ಬಾಗಿದ ರೀತಿ, ತೋಳು ಮೇಲೆದ್ದ ಎತ್ತರ, ಇದು ನನಗೆ ಗೊತ್ತಿಲ್ಲದ್ದೇ? ಹೊಲಿಗೆ ಯಂತ್ರದ ಚಕ್ರ ತಿರುಗಿಸುವ ಕೈ ಅದು.

"ಅತ್ತೆ, ಇಲ್ನೋಡಿ! ಶೆಡ್ಡಿನಲ್ಲಿ ಮೂರನೆಯವರು ಇದ್ದರು."

ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಊಟ ತಂದವಳನ್ನ ಹೊಲಿಯೋಕೂ ಕೂರಿಸಿಬಿಟ್ಟಿದ್ದಾರೆ," ಎಂದರು.

ಶನಿವಾರ ಬೆಳಗ್ಗೆ ಹತ್ತಕ್ಕೆ ಕಂಪನಿಯಿಂದ ಪರಿಶೀಲನೆಗೆ ಬಂದರು. ಬಂದವರು ಹೆಂಗಸು! ಬೂದು ಕೋಟು, ಕೊರಳಲ್ಲಿ ಭೂತಗನ್ನಡಿ, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ನಮ್ಮ ಅರ್ಜಿ. ನನ್ನ ಎದೆ ಅರಳಿತು. ಇವರು ಮುಂಜಾನೆಯೇ ಪಾತ್ರೆ ತಿಕ್ಕುವ ನಾರಿನಿಂದ (ಅಯ್ಯೋ!) ಗುಬ್ಬಿಯನ್ನು ತಿಕ್ಕಿ, ಮದುವೆಯ ಕೋಟು ಹಾಕಿಕೊಂಡು ಸಿದ್ಧರಾಗಿದ್ದರು.

"ಮೊದಲು ಸ್ಟಾರ್ಟ್ ಮಾಡಿ ತೋರಿಸಿ ಸರ್," ಎಂದರು ಪರಿಶೀಲಕಿ.

ನಾನು ಒಳಗೆ ಕಾಲರ್ ಹೊಲಿಯುತ್ತ ಕೂತಿದ್ದೆ. ಕಿಟಕಿಯಿಂದ ಎಲ್ಲ ಕೇಳಿಸುತ್ತಿತ್ತು. ಒಂದು, ಎರಡು, ಮೂರು, ನಾಲ್ಕು, ಐದು, ಕುಂಯ್ಯ್. ಒಂದು, ಎರಡು... ಕುಂಯ್ಯ್. ಹತ್ತು ನಿಮಿಷವಾಯಿತು. ಪರಿಶೀಲಕಿ ಕೈಗಡಿಯಾರ ನೋಡಿಕೊಂಡರು. ಇವರು ಬೆವರೊರೆಸಿಕೊಂಡು ಒಳಗೆ ಬಂದರು.

"ಒಂದ್ನಿಮಿಷ ಬಾ."

"ಸಹಾಯಕರು ರಜೆಯಲ್ಲಿದ್ದಾರೆ."

"ತಮಾಷೆ ಮಾಡೋ ಹೊತ್ತಲ್ಲ ಕಣೇ. ಅವರು ಹೊರಟುಬಿಡ್ತಾರೆ!"

"ಏಳನೇ ಪ್ರಶ್ನೆ."

"ಕಾರು ಗೆದ್ದರೆ ಮನೆಗೇ ತಾನೆ ಹೆಸರು?"

"ಮನೆಗೆ ಬೇಡ. ನನಗೆ."

ಅತ್ತೆ ಅಷ್ಟರಲ್ಲಿ ಎಲ್ಲಿಂದಲೋ ಪೆನ್ನು ತಂದು ಮಗನ ಮೂಗಿನ ಮುಂದೆ ಹಿಡಿದಿದ್ದರು. "ಹೊಡಿ ಕಣೋ ಗೀಟು. ನಕ್ಷೆ ಬರೆಯೋನು, ಗೀಟು ಹೊಡೆಯೋಕೆ ಕಷ್ಟವಾ?"

ಇವರು ಹೊರಗೆ ಹೋಗಿ, ಪರಿಶೀಲಕಿಯ ಎದುರೇ ಅರ್ಜಿಯಲ್ಲಿ ತಮ್ಮ ಹೆಸರಿಗೆ ಗೀಟು ಹೊಡೆದು ನನ್ನ ಹೆಸರು ಬರೆದು, ಪಕ್ಕದಲ್ಲಿ ಸಹಿ ಹಾಕಿದರು. ನಾನು ಸೆರಗಿಲ್ಲದಿದ್ದರೂ ಸೆರಗು ಸಿಕ್ಕಿಸಿಕೊಂಡ ಠೀವಿಯಲ್ಲಿ ಹೊರಗೆ ಬಂದೆ. ಚೋಕು, ಏಳು, ಒಂದು ಏಟು. ಗುಬ್ಬಿ ಕಿಚಿಪಿಚಿಗುಟ್ಟಿತು. ನಿಂತಿದ್ದ ಗಡಿಯಾರವೂ ಓಡತೊಡಗಿತು.

"ಅದ್ಭುತ ಮೇಡಂ," ಎಂದರು ಪರಿಶೀಲಕಿ. "ಈ ಕಾರಿಗೆ ನೀವು ಏನೇನು ಮಾಡಿದ್ದೀರಿ, ಒಂದೂ ಬಿಡದೆ ಹೇಳಿ. ಬರೆದುಕೊಳ್ಳುತ್ತೇನೆ."

ಓದುಗರೇ, ಇಪ್ಪತ್ತೆರಡು ವರ್ಷದಲ್ಲಿ ಯಾರಾದರೂ ನಿಮ್ಮನ್ನು ಹೀಗೆ ಕೇಳಿದ್ದಾರೆಯೇ? ನನ್ನನ್ನಂತೂ ಕೇಳಿರಲಿಲ್ಲ. ನಾನು ಕಟ್ಟೆಯೊಡೆದ ಕೆರೆಯಾದೆ.

"ಬರಕೊಳ್ಳಿ. ಹಿಂದಿನ ಸೀಟು, ಸಮವಸ್ತ್ರದ ನೀಲಿ ಬಟ್ಟೆ, ಡಬಲ್ ಹೊಲಿಗೆ. ಫ್ಯಾಕ್ಟರಿಯವರದು ಮೂರೇ ವರ್ಷಕ್ಕೆ ಬಿಚ್ಚಿಕೊಂಡಿತ್ತು, ನನ್ನದು ಹದಿನೈದು ವರ್ಷವಾದರೂ ಅಲುಗಿಲ್ಲ. ದೀಪದೊಳಗೆ ನೀರು ಹೋಗ್ತಿತ್ತು, ಹಳೇ ಕುಕ್ಕರ್ ಗ್ಯಾಸ್ಕೆಟ್ ಹಾಕಿದೆ. ಕಿಟಕಿ ಇಳಿಸೋ ಹಿಡಿ ಮುರಿದಿತ್ತು, ಪಾತ್ರೆ ಮುಚ್ಚಳದ ಗುಂಡು ಕೂರಿಸಿದೆ. ಬ್ರೇಕಿನ ರಬ್ಬರು ಸವೆದಿತ್ತು..."

"ಅದಕ್ಕೆ?"

"ಚಪ್ಪಲಿ ಅಟ್ಟೆ. ನನ್ನದೇ, ಎಡಗಾಲಿಂದು. ಹೇಗೂ ಬ್ರೇಕು ಅಂದ್ರೆ ಕಾಲಿಗೆ ಸಂಬಂಧಪಟ್ಟದ್ದು."

ಪರಿಶೀಲಕಿ ಸರಸರ ಬರೆದರು. ಅವರ ಬೆನ್ನ ಹಿಂದೆ ನಿಂತು ಇವರು ವಿಚಿತ್ರವಾಗಿ ಕಣ್ಣು ಮಿಟುಕಿಸತೊಡಗಿದರು. ಆಮೇಲೆ ಹುಬ್ಬು ಕುಣಿಸಿದರು. ಆಮೇಲೆ ಎರಡೂ ಕೈಯಲ್ಲಿ ಗಾಳಿಯನ್ನು ಕೆಳಕ್ಕೆ ಒತ್ತಿದರು. ನನಗೆ ಅರ್ಥವಾಗದೆ? ನಾನು ನಾಲ್ಕು ಜನರೆದುರು ನನ್ನ ಕೆಲಸದ ಮಾತೆತ್ತಿದಾಗಲೆಲ್ಲ ಮಾಡುವ ಸನ್ನೆ ಅದು. ದನಿಯನ್ನು ಇನ್ನೂ ಒಂದು ಮೆಟ್ಟಿಲು ಏರಿಸಿದೆ.

"ಏನ್ರೀ, ಕಣ್ಣಿಗೆ ಏನು ಬಿತ್ತು? ಹೋಗಿ ತೊಳ್ಕೊಳ್ಳಿ. ಹಾಂ, ಬರಕೊಳ್ಳಿ ಮೇಡಂ, ಗೀಚಿದ ಕಡೆಯೆಲ್ಲ ನೇಲ್ ಪಾಲಿಶ್, ಮೂರು ಬಣ್ಣ ಬೆರೆಸಿದ್ದು. ವೈಪರಿಗೆ ಬಚ್ಚಲು ಒರೆಸೋ ರಬ್ಬರು."

"ಆ ಕೊಕ್ಕಿನ ವಿಷಯ ಹೇಳೇ!" ಅತ್ತೆ ಮೆಟ್ಟಿಲ ಮೇಲಿಂದ ಪ್ರೋತ್ಸಾಹಿಸಿದರು.

"ಅಮ್ಮಾ!" ಇವರ ದನಿ ಸೀಳಿತು.

"ಯಾವ ಕೊಕ್ಕು?" ಪರಿಶೀಲಕಿ ಭೂತಗನ್ನಡಿ ಎತ್ತಿದರು.

"ಮುಂದಿನ ಗುಬ್ಬಚ್ಚಿಯದು. ಕೊಕ್ಕು ಬಿದ್ದುಹೋಗಿತ್ತು. ಶಾಲೆ ಬ್ಯಾಗಿನ ಜಿಪ್ಪಿಂದ ತುದಿ ಕಿತ್ತು ಅಂಟಿಸಿದೆ. ನಿಮ್ಮ ಕಂಪನಿಯದಕ್ಕಿಂತ ಚೂಪು."

ಪರಿಶೀಲಕಿ ಮೂರು ಹಾಳೆ ತುಂಬಿಸಿದರು. ಪ್ರತಿ ಸಾಲಿಗೂ ಅಂಕಿ ಹಾಕಿದರು. ಡ್ರೈವರ್ ಸೀಟನ್ನು ಮಾತ್ರ ಇವರು ಮುಟ್ಟಗೊಡಲಿಲ್ಲ ಎಂಬ ನನ್ನ ದೂರನ್ನೂ ಬೇರೆಯಾಗಿ ಬರೆದುಕೊಂಡರು. ನಾನು ಉಬ್ಬಿ ಗುಬ್ಬಿಗಿಂತ ದೊಡ್ಡವಳಾಗಿದ್ದೆ. ಕೊನೆಗೆ ಕಿರುಪುಸ್ತಕ ತಂದು ತೋರಿಸಿ, "ಈ ಮೊಣಕೈ ಯಾರದು?" ಎಂದೂ ಕೇಳಿದೆ. ಅವರು ಬಹಳ ಹೊತ್ತು ಭೂತಗನ್ನಡಿಯಲ್ಲಿ ನೋಡಿ, "ಗೊತ್ತಿಲ್ಲ. ವಿಚಾರಿಸುತ್ತೇನೆ," ಎಂದರು. ಹೊರಡುವಾಗ ನನ್ನ ಕೈ ಕುಲುಕಿದರು.

ಅವರ ವಾಹನ ತಿರುವು ದಾಟಿದ್ದೇ ತಡ, ಇವರು ಮೆಟ್ಟಿಲ ಮೇಲೆ ಕುಸಿದು ಕೂತರು. "ಮೂಲಸ್ವರೂಪ ಕಣೇ! ಅವರು ನೋಡೋದು ಮೂಲಸ್ವರೂಪ! ಒಂದು ಭಾಗವೂ ಬದಲಾಗಿರಬಾರದು!"

"ಅದನ್ನ ಬಾಯಿಬಿಟ್ಟು ಹೇಳಬಾರದಿತ್ತಾ?"

"ಕಣ್ಣಲ್ಲಿ ಹೇಳಿದ್ನಲ್ಲ!"

"ಇಪ್ಪತ್ತೆರಡು ವರ್ಷ ಅದೇ ಕಣ್ಣಲ್ಲಿ 'ಸುಮ್ಮನಿರು' ಅಂತ ಹೇಳಿದ್ದೀರಿ. ಈ ಸಲ ಬೇರೆ ಅರ್ಥ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಮೂರು ವಾರಕ್ಕೆ ಉತ್ತರ ಬಂತು. ಒಂದೇ ಲಕೋಟೆಯಲ್ಲಿ ಎರಡು ಕಾಗದ. ಮೊದಲನೆಯದು ನನ್ನ ಹೆಸರಿಗೆ. 'ಮಾನ್ಯರೇ, ಸದರಿ ಕಾರಿನ ಮೂಲಸ್ವರೂಪಕ್ಕೆ ಈ ಕೆಳಕಂಡ ನಲವತ್ತೊಂದು ಹಾನಿಗಳಾಗಿದ್ದು, ಅರ್ಜಿಯ ಏಳನೇ ಪ್ರಶ್ನೆಯ ಪ್ರಕಾರ ಅವುಗಳಿಗೆ ತಾವೇ ಹೊಣೆಗಾರರು.' ಕೆಳಗೆ ಒಂದರಿಂದ ನಲವತ್ತೊಂದರವರೆಗೆ ಪಟ್ಟಿ.

ಎರಡನೆಯದು ದಪ್ಪ ಹಾಳೆ, ಹೊನ್ನಿನ ಅಂಚು. ಅದು ಇವರ ಹೆಸರಿಗೆ! 'ಪ್ರಶಂಸಾಪತ್ರ. ಚಾಲಕನ ಆಸನವನ್ನು ಯಾವುದೇ ಬದಲಾವಣೆ ಮಾಡದೆ, ಮಾಡಗೊಡದೆ, ಮೂಲಸ್ವರೂಪದಲ್ಲಿ ಉಳಿಸಿಕೊಂಡು ಬಂದ ಪರಂಪರೆಯ ಕಾಳಜಿಗಾಗಿ.'

ಓದಿದಿರಾ? ಇನ್ನೊಂದು ಸಲ ಓದಿ. ಏನೂ ಮಾಡದೆ ಇದ್ದದ್ದಕ್ಕೆ ಬಿರುದು! ಕಾರನ್ನು ಇಪ್ಪತ್ತೆರಡು ವರ್ಷ ಓಡುವಂತೆ ಇಟ್ಟವಳು ಅಪರಾಧಿ. ಟವೆಲ್ಲಿನ ಮೇಲೆ ಕೂತವರು ಸಂರಕ್ಷಕರು. ಇವರು ಪ್ರಶಂಸಾಪತ್ರವನ್ನು ಬೆಳಕಿಗೆ ಹಿಡಿದು, ಸಂಕೋಚದಿಂದ ನಗುತ್ತ, "ನೋಡು, ನಾನು ಅವತ್ತೇ ಹೇಳಿರಲಿಲ್ಲವಾ, ಆ ಸೀಟು ಮುಟ್ಟಬೇಡ ಅಂತ," ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕುತ್ತಿದ್ದರು. ಶೆಡ್ಡಿನ ಮೂಲೆಯ ಬಕೆಟನ್ನು ತಂದು ನನ್ನ ಮುಂದಿಟ್ಟು, "ಈಗ ಅಧಿಕೃತವಾಗಿ ನೋಡಿಕೊಳ್ಳುವವಳು ನೀನೇ ತಾನೆ? ನಾಳೆ ಭಾನುವಾರ," ಎಂದರು.

ನನ್ನ ಕಾಗದದ ಕೆಳಗೆ ಪೆನ್ಸಿಲಿನಲ್ಲಿ ಎರಡು ಸಾಲು ಇದ್ದದ್ದನ್ನು ಆಗ ನೋಡಿದೆ. ಪರಿಶೀಲಕಿಯ ಕೈಬರಹ. 'ಮೊಣಕೈ ವಿಚಾರಿಸಿದೆ. ಅಣ್ಣತಮ್ಮಂದಿರ ಅಕ್ಕನದಂತೆ. ಮೊದಲ ನಲವತ್ತು ಕಾರುಗಳ ಸೀಟು ಅವರೇ ಹೊಲಿದದ್ದು. ಹೆಸರು ದಾಖಲೆಯಲ್ಲಿಲ್ಲ.'

ಅತ್ತೆಗೆ ಓದಿ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡರು. ಕಂಪನಿ ಟ್ರ್ಯಾಕ್ಟರಿನವರಿಗೆ ಹೋಯಿತು, ಫ್ರಿಜ್ಜಿನವರಿಗೆ ಹೋಯಿತು, ವಿಮಾನದವರಿಗೆ ಹೋಯಿತು. ಪ್ರತಿ ಸಲವೂ ಯಂತ್ರ, ನಕ್ಷೆ, ಗುಬ್ಬಚ್ಚಿಯ ಚಿತ್ರ ಎಲ್ಲವನ್ನೂ ಎಣಿಸಿ ಕೊಟ್ಟಿರುತ್ತಾರೆ. ಆ ಮೊಣಕೈಯನ್ನು ಯಾವ ಪಟ್ಟಿಗೂ ಸೇರಿಸಲಿಲ್ಲ. ನಾನು ನನ್ನ ಕಾಗದವನ್ನು ತಿರುಗಿ ನೋಡಿದೆ. ನನ್ನ ಪೂರ್ತಿ ಹೆಸರು, ಮುದ್ರೆ, ಸಹಿ, ನಾನು ಮಾಡಿದ ನಲವತ್ತೊಂದು ಕೆಲಸ, ಅಂಕಿ ಸಮೇತ. ಅವರು ಅದನ್ನು ಹಾನಿ ಎಂದು ಕರೆದರೆ ಕರೆಯಲಿ. ದಾಖಲೆಯಂತೂ ಆಯಿತಲ್ಲ! ಕಾಗದವನ್ನು ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಅಂಟಿಸಿದೆ. ಬಕೆಟನ್ನು ಕಾಲಿಂದ ಪಕ್ಕಕ್ಕೆ ಸರಿಸಿದೆ. ಇವರ ಮುಂದೆ ಕೈ ಚಾಚಿದೆ.

"ಕೀಲಿ."

"ಯಾಕೆ?"

"ಬಟ್ಟೆ ಅಂಗಡಿಗೆ. ಕೆಂಪು ದಪ್ಪ ಬಟ್ಟೆ, ಎರಡು ಮೀಟರು. ಸಂರಕ್ಷಿತ ಪ್ರದೇಶಕ್ಕೆ."

ಇವರು ಬಿರುದನ್ನು ಎದೆಗೊತ್ತಿಕೊಂಡರು. ಅತ್ತೆ ಮಗನ ಜೇಬಿನಿಂದ ಕೀಲಿ ತೆಗೆದು ನನಗೆ ಕೊಟ್ಟು, ಹಿಂದಿನ ನೀಲಿ ಸೀಟಿನಲ್ಲಿ ಕೂತೇಬಿಟ್ಟರು. ನಾನು ಈ ಸಲ ಅಂಚಿನಲ್ಲಿ ಕೂರಲಿಲ್ಲ. ಯಜಮಾನಿಕೆಯಿಂದ, ಪೂರ್ತಿಯಾಗಿ, ಧೊಪ್ಪನೆ ಕೂತೆ.

ಟವೆಲ್ಲನ್ನು ಬೆಳಗ್ಗೆ ನಾನೇ ಒಗೆದು ಹಗ್ಗದ ಮೇಲೆ ಹರವಿದ್ದು ಆಗ ನೆನಪಾಯಿತು.

ಅನುಭವಿಸಿದ್ದನ್ನು ಮುಖದ ಮೇಲೆ ತೋರಗೊಡದೆ ಗೇಟು ದಾಟಿದೆ. ಇನ್ನೊಂದು ತೊಡಕು ಕಾದಿತ್ತು. ನನಗೆ ಅಭ್ಯಾಸವಿದ್ದದ್ದು ಶೆಡ್ಡಿನಿಂದ ಹಿಂದಕ್ಕೆ, ಶೆಡ್ಡಿನೊಳಗೆ ಮುಂದಕ್ಕೆ. ಗುಬ್ಬಿ ಮೊದಲನೇ ಗೇರಿನಲ್ಲಿ ಗುರುಗುಡುತ್ತ ತೆವಳಿತು. ಇವರು ಚಪ್ಪಲಿ ಮೆಟ್ಟಿಕೊಂಡು ಪಕ್ಕದಲ್ಲಿ ನಡೆದೇ ಬರುತ್ತಿದ್ದರು. ಒಮ್ಮೊಮ್ಮೆ ನಮಗಾಗಿ ನಿಲ್ಲುತ್ತಲೂ ಇದ್ದರು.

"ಎರಡನೇ ಗೇರು ಹಾಕೇ!"

"ಸೂಕ್ಷ್ಮ ಅಂದಿದ್ದಿರಿ!"

"ಇಷ್ಟೊಂದು ಸೂಕ್ಷ್ಮ ಅಲ್ಲ!"

ಅಂಗಡಿಯ ಮುಂದೆ ನಿಲ್ಲಿಸಿ ಇಳಿಯಹೋದೆ. ಆಗಲಿಲ್ಲ. ಸ್ಪ್ರಿಂಗು ನನ್ನ ಬಟ್ಟೆಯನ್ನು ಹಿಂದಿನಿಂದ ಭದ್ರವಾಗಿ ಹಿಡಿದುಕೊಂಡಿತ್ತು. ಒಂದು ಕಡೆ ಎಳೆದರೆ ಚರ್ರ್ ಎನ್ನುತ್ತದೆ, ಇನ್ನೊಂದು ಕಡೆ ಎಳೆದರೆ ಚುಚ್ಚುತ್ತದೆ. ಇವರು ಕಿಟಕಿಯಲ್ಲಿ ಬಗ್ಗಿ ನೋಡಿ, ಆ ದಿನ ಮೊದಲ ಬಾರಿಗೆ ಮನಸಾರೆ ನಕ್ಕರು. "ಅಪ್ಪ ಬಿಡ್ತಿಲ್ಲ ನೋಡು ನಿನ್ನ!"

ಸೋತು ಕ್ಷಮೆ ಕೇಳಿದೆ ಎಂದುಕೊಂಡಿರಾ? ಕಿಟಕಿಯನ್ನು ಪೂರ್ತಿ ಇಳಿಸಿದೆ (ಹಾನಿ ಸಂಖ್ಯೆ ಒಂಬತ್ತು, ಪಾತ್ರೆ ಮುಚ್ಚಳದ ಗುಂಡು). ಕೂತಲ್ಲಿಂದಲೇ ಕೂಗಿದೆ.

"ಅಣ್ಣಾ, ಕೆಂಪು ದಪ್ಪ ಬಟ್ಟೆ ಎರಡು ಮೀಟರು! ಹಾಗೇ ನಿಮ್ಮ ಕತ್ತರಿ ಒಂದು ನಿಮಿಷ ಕೊಡಿ!"

ಕತ್ತರಿ ಕಂಡದ್ದೇ ಇವರ ನಗು ನಿಂತಿತು. "ಬಟ್ಟೆ ಕತ್ತರಿಸು, ಬಟ್ಟೆ! ಹೊಸದು ಹೊಲ್ಕೋಬಹುದು! ಸೀಟು ಮೂಲಸ್ವರೂಪ ಕಣೇ!"

"ಹಾಕೇ ಕತ್ತರಿ!" ಹಿಂದಿನಿಂದ ಅತ್ತೆ.

ಕೈಯನ್ನು ಬೆನ್ನ ಹಿಂದೆ ತಂದು, ಕಣ್ಣಿಗೆ ಕಾಣದ ಜಾಗದಲ್ಲಿ, ಪರಂಪರೆಯನ್ನು ನೇರವಾಗಿ ಕತ್ತರಿಸಿದೆ. ನಲವತ್ತೆರಡು!

ಪೂರ್ತಿ ನಿಜ ಹೇಳಬೇಕೆಂದರೆ, ಅಂಗಡಿಯ ಕತ್ತರಿ ಬಹಳ ಹರಿತವಾಗಿತ್ತು. ಸೀಟಿನ ಜತೆಗೆ ನನ್ನ ಬಟ್ಟೆಯ ಹಿಂಭಾಗವೂ ಒಂದು ಮೊಳ ಹೋಯಿತು. ಸೀಟಿಗೆಂದು ತಂದ ಕೆಂಪು ಬಟ್ಟೆ ಎರಡು ಮೀಟರನ್ನೂ ನನಗೇ ಸುತ್ತಿಕೊಂಡು ಮನೆಗೆ ಬರಬೇಕಾಯಿತು. ಬೀದಿಯವರೆಲ್ಲ ನಿಂತು ನೋಡಿದರು.

ನೋಡಲಿ. ನಾನೇ ಓಡಿಸಿಕೊಂಡು ಬಂದೆ. ಅದೂ ಎರಡನೇ ಗೇರಿನಲ್ಲಿ. ಇವರಿಗೆ ಓಡಿ ಬರಬೇಕಾಯಿತು.